ಚಿಮಣಿಗೆ ಕೊಳವೆ ಇಳಿಸಿದ ಚಳಿಗಾಲ

ಆ ವರ್ಷ ಚಳಿ ಶುರುವಾದ ಮೇಲೆ ನಮ್ಮತ್ತೆ ಹಾಲ್‌ನಲ್ಲಿ ಕೂರುವುದನ್ನು ಬಿಟ್ಟುಬಿಟ್ಟರು. ಮನೆಯಲ್ಲಿ ಎಲ್ಲಕ್ಕಿಂತ ಬೆಚ್ಚಗಿದ್ದ ಜಾಗವೆಂದರೆ ಅದೇ. ಅದನ್ನು ಬಿಟ್ಟು ಅವರು ಮುಂದಿನ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು, ಸ್ವೆಟರ್ ಮೇಲೆ ಶಾಲು, ಶಾಲಿನ ಮೇಲೆ ಮೊಮ್ಮಗಳ ಸ್ಕೂಲ್ ಜಾಕೆಟ್ ಹೊದ್ದು ಕೂತಿರುತ್ತಿದ್ದರು. ದಕ್ಷಿಣ ಧ್ರುವದ ಕಡೆಯಿಂದ ಗಾಳಿ ಬೀಸಿದ ದಿನ ವರಾಂಡದ ಹಳೇ ಮರದ ಕಿಟಕಿಗಳು ಗಡಗಡ ನಡುಗುತ್ತಿದ್ದವು. ನಮಾಜಿನ ಚಾಪೆಯನ್ನೂ ಅಲ್ಲಿಗೇ ಒಯ್ದರು.

ನಾವಾಗ ಈ ದೇಶದ ರಾಜಧಾನಿ ವೆಲಿಂಗ್ಟನ್ನಿನ ಉತ್ತರಕ್ಕಿರುವ ಜಾನ್ಸನ್‌ವಿಲ್‌ನಲ್ಲಿ ಒಂದು ಹಳೆಯ ಮರದ ಮನೆಯಲ್ಲಿ ಬಾಡಿಗೆಗಿದ್ದೆವು. ನಾನು ಊರಿನ ದೊಡ್ಡ ಆಸ್ಪತ್ರೆಯಲ್ಲಿ ನರ್ಸ್. ಗಂಡ ಕಾರಿನ ಬಿಡಿಭಾಗ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಮಗಳು ಪ್ರೈಮರಿ ಶಾಲೆಯ ಕೊನೆಯ ತರಗತಿಗಳಲ್ಲಿದ್ದಳು. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅತ್ತೆ ಗದಗದ ಕಡೆಯ ಸರ್ಕಾರಿ ಕನ್ನಡ ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾಗಿ ನಮ್ಮಲ್ಲಿಗೆ ಬಂದಿದ್ದರು. ನಮ್ಮ ಮನೆಯಲ್ಲಿ ಉರ್ದುವಿಗಿಂತ ಕನ್ನಡವೇ ಹೆಚ್ಚು ಓಡಾಡುತ್ತಿದ್ದುದು ಅವರ ದೆಸೆಯಿಂದ. ನೌಕರಿ ನಿವೃತ್ತಿಯಾಗಿತ್ತು, ಗಂಟಲು ಆಗಿರಲಿಲ್ಲ.

"ಅಮ್ಮಗ ಊರಿನ ನೆನಪಾಗೇತಿ. ಒಬ್ಬಾಕೀನ ಇರಬೇಕು ಅನಸತೈತೇನೋ," ಅಂದರು ನನ್ನ ಗಂಡ.

"ದಾದಿ ಈಸ್ ಜಸ್ಟ್ ಸಲ್ಕಿಂಗ್," ಅಂದಳು ಮಗಳು. ಅಜ್ಜಿಯನ್ನು ಅವಳು ದಾದಿ ಎನ್ನುತ್ತಿದ್ದಳು; ಅವಳ ಲೆಕ್ಕದಲ್ಲಿ ಅದು ಬರೀ ಸೆಡವು.

ನಾನು ನೇರವಾಗಿ ಅವರನ್ನೇ ಕೇಳಿದೆ.

"ಸಿಟ್ಟೂ ಇಲ್ಲ, ಸೆಡವೂ ಇಲ್ಲವ್ವಾ," ಅಂದರು ಅತ್ತೆ. "ಆ ಖೋಲ್ಯಾಗ ಸಜ್ದಾಕ್ಕ ಬಾಗಿದ್ರ ತಲಿ ಗಿರ್ ಅಂತೈತಿ. ಇಲ್ಲಿ ಬಂದು ಕುಂತ್ರ ಸುಮ್ಮನಾಗತೈತಿ. ಅಷ್ಟ."

ಆ ಮಾತು ನನ್ನನ್ನು ಬಿಡಲಿಲ್ಲ. ಹಾಲ್‌ನಲ್ಲಿ ತಲೆ ಸುತ್ತುತ್ತದೆ, ವರಾಂಡದಲ್ಲಿ ಸುತ್ತುವುದಿಲ್ಲ. ವಾರಾಂತ್ಯ ಮನೆಯಲ್ಲೇ ಇದ್ದಾಗ ಮಗಳಿಗೂ ತಲೆನೋವು ಬರುತ್ತಿತ್ತು. ಸೋಮವಾರ ಶಾಲೆಗೆ ಹೋದರೆ ಮಾಯ. ನನಗೂ ರಜೆಯ ದಿನ ಹೊಟ್ಟೆ ತೊಳಸಿದಂತಾಗಿ, ಡ್ಯೂಟಿಗೆ ಹೋಗಿ ವಾರ್ಡಿನಲ್ಲಿ ಓಡಾಡತೊಡಗಿದರೆ ಹಗುರವಾಗುತ್ತಿತ್ತು. ಮನೆಯಿಂದ ದೂರ ಹೋದರೆ ಗುಣವಾಗುವ ಕಾಯಿಲೆಗಳಲ್ಲಿ ಯಾವುದು ಎಲ್ಲಕ್ಕಿಂತ ಕೆಟ್ಟದ್ದು ಎಂದು ನರ್ಸಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹಾಲ್‌ನ ಹಳೆಯ ಅಗ್ಗಿಷ್ಟಿಕೆಯ ಗೂಡಿನಲ್ಲಿ ಒಂದು ಗ್ಯಾಸ್ ಬಾಯ್ಲರ್ ಇತ್ತು. ಅದು ಕಾಯಿಸಿದ ನೀರು ಮನೆಯ ರೇಡಿಯೇಟರ್‌ಗಳಲ್ಲೆಲ್ಲ ಸುತ್ತಿ ಕೋಣೆಗಳನ್ನು ಬೆಚ್ಚಗಿಡುತ್ತಿತ್ತು. ಅದು ಕೋಣೆಯ ಗಾಳಿಯನ್ನೇ ಎಳೆದುಕೊಂಡು ಉರಿಯುವಂಥದ್ದು. ಉರಿದ ಗಾಳಿ ಹೊರಗೆ ಹೋಗಬೇಕಾದದ್ದು ಹಿಂದೆ ಯಾವಾಗಲೋ ಸೌದೆ ಉರಿಸುತ್ತಿದ್ದ ಇಟ್ಟಿಗೆಯ ಚಿಮಣಿಯ ಮೂಲಕ. ಅದು ಹೋಗದೆ ಒಳಗೇ ಉಳಿದರೆ ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರಬಹುದು. ಬಣ್ಣವಿಲ್ಲ, ವಾಸನೆಯಿಲ್ಲ. ಸುಸ್ತು, ತಲೆನೋವು, ವಾಕರಿಕೆಯಿಂದ ಶುರುವಾಗಿ ನಿದ್ದೆಯಲ್ಲೇ ಮುಗಿಸುತ್ತದೆ.

ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿದೆ. ಜಾನ್ಸನ್‌ವಿಲ್‌ನಿಂದ ರೈಲು, ಅಲ್ಲಿಂದ ಬಸ್ಸು, ಆಮೇಲೆ ಸರದಿಯಲ್ಲಿ ಕಾಯುವುದು. ಅಷ್ಟರಲ್ಲಿ ಅವರು ಹೊರಗಿನ ಒಳ್ಳೆಯ ಗಾಳಿ ಸಾಕಷ್ಟು ಕುಡಿದಿದ್ದರು. ವರದಿಯಲ್ಲಿ ಏನೂ ಇರಲಿಲ್ಲ. ಈ ಅನಿಲ ಕೆಲವು ಗಂಟೆಗಳಲ್ಲಿ ರಕ್ತದಿಂದ ಇಳಿದುಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ತೋರಿಸುವುದು ಬೇರೆ.

ತೋರಿಸಬೇಕಾಗಿದ್ದುದು ಮನೆಯ ಮಾಲೀಕರಿಗೆ. ಅವರನ್ನು ಎಲ್ಲರೂ ಅಂಕಲ್ ಎಂದೇ ಕರೆಯುತ್ತಿದ್ದರು. ಮೈಸೂರಿನವರು. ನಾವು ಬಂದಿಳಿದ ದಿನ ಏರ್‌ಪೋರ್ಟಿಗೆ ಕಾರು ತಂದವರು ಅವರು. ನನ್ನ ಗಂಡನಿಗೆ ಕೆಲಸ ಕೊಡಿಸಿದವರು ಅವರು. ತಾವು ಮಕ್ಕಳನ್ನು ಬೆಳೆಸಿದ ಮನೆಯನ್ನೇ ನಮಗೆ ಬಾಡಿಗೆಗೆ ಕೊಟ್ಟು, "ನಮ್ಮವರಿಗೇ ಕೊಟ್ಟೆ ಅನ್ನೋ ಸಮಾಧಾನ," ಎಂದವರು. ಊರಿನ ಕನ್ನಡದವರಲ್ಲಿ ಅವರಿಂದ ಒಂದಲ್ಲ ಒಂದು ಸಹಾಯ ಪಡೆಯದ ಕುಟುಂಬವೇ ಇರಲಿಲ್ಲ.

ನಾನು ಫೋನ್ ಮಾಡಿದ ಮೇಲೆ ಅವರು ಆಂಟಿ ಮಾಡಿದ ಚಕ್ಕುಲಿ ಹಿಡಿದುಕೊಂಡು ಬಂದರು. ಬಾಯ್ಲರ್ ಮುಂದೆ ಬಾಗಿ ಅಂಗೈ ಒಡ್ಡಿದರು.

"ಎಷ್ಟು ಚೆನ್ನಾಗಿ ಉರೀತಿದೆ ನೋಡಿ. ನಾವು ವರ್ಷಗಟ್ಟಲೆ ಇದೇ ಮನೇಲಿದ್ವಿ. ನನ್ನ ಮಕ್ಕಳಿಗೆ ಏನಾಗಿದೆ? ಇಬ್ಬರೂ ಡಾಕ್ಟರ್ಸ್."

"ಆಗ ಕಿಟಕಿ ಸಂದಿಯಿಂದ ಗಾಳಿ ಬರ್ತಿತ್ತೇನೋ ಅಂಕಲ್," ಅಂದೆ. ಹಿಂದಿನ ಬೇಸಿಗೆಯಲ್ಲಷ್ಟೇ ಅವರು ವರಾಂಡ ಒಂದನ್ನು ಬಿಟ್ಟು ಮನೆಗೆಲ್ಲ ಹೊಸ ಅಲ್ಯುಮಿನಿಯಂ ಕಿಟಕಿ ಹಾಕಿಸಿ, ಅಡುಗೆಮನೆಗೆ ದೊಡ್ಡ ಎಕ್ಸಾಸ್ಟ್ ಫ್ಯಾನ್ ಕೂರಿಸಿದ್ದರು. "ಈಗ ಎಲ್ಲಾ ಮುಚ್ಚೇತಿ."

"ಅದು ನಿಮಗೆ ಬೆಚ್ಚಗಿರಲಿ ಅಂತ ಹಾಕ್ಸಿದ್ದಮ್ಮ!" ಅವರಿಗೆ ನಿಜವಾಗಿ ನೋವಾಗಿತ್ತು. "ಸೀಲಿಂಗ್‌ನಲ್ಲಿ ಅಲಾರಂ ಇದೆ. ಅದು ಹೊಡ್ಕೊಳ್ತಾ? ಬ್ಲಡ್ ಟೆಸ್ಟಲ್ಲಿ ಏನಾದ್ರೂ ಬಂತಾ? ಬಾಗಿಲು ಮುಚ್ಕೊಂಡು ಒಗ್ಗರಣೆ ಹಾಕಿದ್ರೆ ಯಾರಿಗಾದ್ರೂ ತಲೆ ನೋಯತ್ತೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಬೇಸಿಗೆ ಬರಲಿ, ಯಾರನ್ನಾದ್ರೂ ಕರೆದು ತೋರಿಸೋಣ."

ಅದು ಹೊಗೆಯ ಅಲಾರಂ, ಈ ಅನಿಲಕ್ಕೆ ಕೂಗುವುದಲ್ಲ ಎಂದು ವಿವರಿಸಿದೆ. ಅವರು ತಲೆಯಾಡಿಸಿ ಚಹಾ ಮುಗಿಸಿ ಹೊರಟರು.

ಅಡ್ಜಸ್ಟ್ ಎಂಬ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ನರ್ಸಿಂಗ್ ಹಾಸ್ಟೆಲಿನಲ್ಲಿ ಕೇಳಿದೆ, ಮದುವೆಯಾದಾಗ ಕೇಳಿದೆ, ಈ ದೇಶಕ್ಕೆ ಬಂದು ಕಲಿತದ್ದನ್ನೆಲ್ಲ ಮತ್ತೆ ಕಲಿಯಬೇಕಾದಾಗ ಕೇಳಿದೆ. ಬಹಳ ಸಲ ಮಾಡಿಕೊಂಡೂ ಇದ್ದೇನೆ. ಆದರೆ ಉಸಿರಾಡುವ ಗಾಳಿಯ ವಿಷಯದಲ್ಲಿ ಅಡ್ಜಸ್ಟ್ ಮಾಡಿಕೊಳ್ಳುವುದು ಹೇಗೆ? ಸ್ವಲ್ಪ ಕಡಿಮೆ ಉಸಿರಾಡುವುದೇ?

ಅಂಕಲ್ ಕಾರು ತಿರುವು ದಾಟುವ ಮೊದಲೇ ಬಾಯ್ಲರ್ ಆರಿಸಿದೆ.

ಸ್ನಾನದ ನೀರು ಕರೆಂಟಿನದು, ಅದಕ್ಕೆ ತೊಂದರೆಯಿರಲಿಲ್ಲ. ಆದರೆ ಮನೆ ಹೆಪ್ಪುಗಟ್ಟಿತು. ಮಾತಾಡಿದರೆ ಬಾಯಿಂದ ಆವಿ. ಕೊಬ್ಬರಿ ಎಣ್ಣೆ ಡಬ್ಬಿಯಲ್ಲಿ ಕಲ್ಲಾಯಿತು. ಒಂದು ಸಣ್ಣ ಕರೆಂಟ್ ಹೀಟರನ್ನು ಅತ್ತೆಯ ಕೋಣೆಗೂ ಮಗಳ ಕೋಣೆಗೂ ಹೊತ್ತು ತಿರುಗಿಸಿದೆವು. "ಮಮ್, ಐಯಾಮ್ ಫ್ರೀಜಿಂಗ್!" ಎನ್ನುತ್ತಾ ಮಗಳು ರಜಾಯಿ ಹೊದ್ದುಕೊಂಡೇ ಊಟಕ್ಕೆ ಬರುತ್ತಿದ್ದಳು. ಆದರೆ ಆ ಶನಿವಾರ ಅವಳಿಗೆ ತಲೆನೋವು ಬರಲಿಲ್ಲ. ಭಾನುವಾರವೂ ಬರಲಿಲ್ಲ. ಅತ್ತೆ ಹಾಲ್‌ಗೆ ಬಂದು ನಮಾಜು ಮಾಡಿ, "ಏನೂ ಆಗಲಿಲ್ಲ ನೋಡು," ಅಂದರು.

ಗಂಡನನ್ನು ನಂಬಿಸಲು ಇಷ್ಟು ಸಾಲಲಿಲ್ಲ. ನಾನು ಡ್ಯೂಟಿಯಿಂದ ಬರುವಷ್ಟರಲ್ಲಿ ಬಾಯ್ಲರ್ ಉರಿಯುತ್ತಿತ್ತು. ಆರಿಸಿದೆ. ಮರುದಿನವೂ ಹಾಗೇ ಆಯಿತು.

"ಅಂಕಲ್‌ಗೆ ಗೊತ್ತಾದ್ರ ಏನ್ ತಿಳ್ಕೋತಾರ?" ಅಂದರು. "ನಾವಿಲ್ಲಿ ಯಾರ ಗುರ್ತೂ ಇಲ್ಲದಾಗ ಅವರ ಕೈ ಹಿಡಿದಾರ."

"ಕೈ ಹಿಡಿದಾರ, ಖರೆ. ಅದಕ್ಕ ಮೂಗು ಮುಚ್ಚಿಕೊಳ್ಳೂದಾ?"

"ನೀನು ಎಲ್ಲಾದರಾಗೂ ರೋಗಾನ ನೋಡತಿ."

"ನೋಡಾಕನ ನನಗ ಪಗಾರ ಕೊಡ್ತಾರ," ಅಂದೆ.

ಮಾರನೆಯ ಬೆಳಿಗ್ಗೆ ಬಾಯ್ಲರಿನ ತಿರುಗಿಸುವ ಗುಬ್ಬಿಯನ್ನು ಎಳೆದು ಕಿತ್ತು, ಯೂನಿಫಾರ್ಮಿನ ಜೇಬಿನಲ್ಲಿ ಹಾಕಿಕೊಂಡು ಡ್ಯೂಟಿಗೆ ಹೋದೆ. ಇಡೀ ದಿನ ಅದು ಪೆನ್ನು, ಕತ್ತರಿಗಳ ಜೊತೆ ಜೇಬಿನಲ್ಲಿ ಕಟಕಟ ಎನ್ನುತ್ತಿತ್ತು. ಊಟದ ವಿರಾಮದಲ್ಲಿ ಫೋನ್ ಪುಸ್ತಕ ತೆಗೆದು, ಲೈಸೆನ್ಸ್ ಇದ್ದ ಗ್ಯಾಸ್‌ಫಿಟ್ಟರ್ ಒಬ್ಬನನ್ನು ನಾನೇ ಕರೆದೆ.

ಅವನು ಹಿಂಭಾಗ ತೆರೆದ ತನ್ನ ಯೂಟ್ ಗಾಡಿಯಲ್ಲಿ ಏಣಿ ಕಟ್ಟಿಕೊಂಡು ಬಂದ. ಆ ಚಳಿಯಲ್ಲೂ ಚಡ್ಡಿ ಹಾಕಿದ್ದ ಗಟ್ಟಿಮುಟ್ಟಾದ ಈ ದೇಶದ ಆಳು. ಬಂದವನೇ ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿಸಿ, ಅಡುಗೆಮನೆಯ ಫ್ಯಾನ್ ಹಾಕಿಸಿ, ಬಾಯ್ಲರ್ ಹೊತ್ತಿಸಿದ. ಸ್ವಲ್ಪ ಹೊತ್ತು ಬಿಟ್ಟು, ಹೊಗೆಯಾಡುವ ಒಂದು ಕಡ್ಡಿಯನ್ನು ಬಾಯ್ಲರಿನ ನೆತ್ತಿಯ ಹತ್ತಿರ ಹಿಡಿದ. ಹೊಗೆ ಮೇಲಕ್ಕೆ ಹೋಗಬೇಕಿತ್ತು. ಅದು ಒಂದು ಗಳಿಗೆ ಅನುಮಾನಿಸಿದಂತೆ ನಿಂತು, ತಿರುಗಿ ನಮ್ಮ ಮುಖಕ್ಕೇ ಬಂತು.

ನನ್ನ ಗಂಡ ಅದನ್ನು ನೋಡಿದರು. ಎದ್ದು ಹೋಗಿ ಕಿಟಕಿ ತೆರೆದರು.

ಗ್ಯಾಸ್‌ಫಿಟ್ಟರ್ ಉರಿ ಆರಿಸಿ, ಚಿಮಣಿಯೊಳಗೆ ಟಾರ್ಚ್ ಬಿಟ್ಟು ಮೇಲೆ ನೋಡಿದ. "ಒಳಗೆ ಕೊಳವೆಯೇ ಇಲ್ಲ," ಅಂದ. ಗ್ಯಾಸಿನ ಹೊಗೆಗೆ ಸೌದೆ ಹೊಗೆಯಷ್ಟು ಬಿಸಿಯಿರುವುದಿಲ್ಲವಂತೆ. ಅಗಲವಾದ ತಣ್ಣನೆಯ ಇಟ್ಟಿಗೆ ಚಿಮಣಿಯಲ್ಲಿ ಅದು ಮೇಲೇರುವ ಮೊದಲೇ ತಣ್ಣಗಾಗಿ ನೀರಾಗುತ್ತದೆ, ಆ ನೀರು ಇಟ್ಟಿಗೆಗಳ ನಡುವಿನ ಗಾರೆಯನ್ನು ತಿನ್ನುತ್ತದೆ, ಗಾರೆ ಉದುರಿ ದಾರಿ ಕಟ್ಟುತ್ತದೆ. ಇದರ ಮೇಲೆ ಮನೆಯನ್ನೆಲ್ಲ ಬಿಗಿಯಾಗಿ ಮುಚ್ಚಿ ಫ್ಯಾನ್ ಹಾಕಿದರೆ, ಫ್ಯಾನಿಗೆ ಬೇಕಾದ ಗಾಳಿಯೂ ಚಿಮಣಿಯಿಂದಲೇ ಕೆಳಗೆ ಬರುತ್ತದೆ.

"ಒಂದು ಉಕ್ಕಿನ ಲೈನರ್ ಕೊಳವೆ ಇಳಿಸಬೇಕು, ಗೋಡೆಗೆ ಗಾಳಿಕಿಂಡಿ ಇಡಬೇಕು. ಅಲ್ಲಿವರೆಗೆ ಇದನ್ನು ಹೊತ್ತಿಸುವಂತಿಲ್ಲ," ಎಂದು ಗ್ಯಾಸ್ ಕೊಳವೆಯನ್ನು ಬಿಚ್ಚಿ ಮುಚ್ಚಿ, ಅಪಾಯ ಎಂದು ಬರೆದ ಕೆಂಪು ಚೀಟಿ ಕಟ್ಟಿ, ಮನೆಯ ಮಾಲೀಕರಿಗೂ ಫೋನಿನಲ್ಲಿ ತಿಳಿಸಿದ.

ಸಂಜೆ ಅಂಕಲ್ ಫೋನ್. ಈ ಸಲ ಗಂಡನಿಗೆ. "ನನ್ನ ಮನೆಗೆ ನನ್ನನ್ನ ಕೇಳ್ದೇನೇ ಜನ ಕರೆಸಿದ್ರಾ? ಹೊಟ್ಟೆಪಾಡಿಗೆ ಅವನು ಏನಾದ್ರೂ ಹೇಳ್ತಾನೆ. ನಿಮಗೆ ಅಷ್ಟು ಕಷ್ಟ ಆದ್ರೆ ಬೇರೆ ಮನೆ ನೋಡ್ಕೊಳ್ಳಿ. ಖಾಲಿ ಆದ್ಮೇಲೆ ನಿಧಾನವಾಗಿ ರಿಪೇರಿ ಮಾಡಿಸ್ತೀನಿ."

ಗಂಡ ಫೋನಿನ ಬಾಯಿಗೆ ಕೈ ಮುಚ್ಚಿ ನನ್ನತ್ತ ನೋಡಿದರು. ನಾನು ಫೋನ್ ಇಸಿದುಕೊಂಡೆ.

"ಅಂಕಲ್, ಕೊಳವಿ ಇಳೀತೈತಿ, ನಾವು ಮನಿ ಬಿಟ್ಟು ಇಳಿಯೂದಿಲ್ಲ. ನಾವು ಹೋದ್ರ ನಮ್ಮ ಹಿಂದ ಬರೋವ್ರು ಇದ ಗಾಳಿ ಕುಡೀಬೇಕು. ನೀವು ಮಾಡಿಸಲಿಲ್ಲ ಅಂದ್ರ ನಾನು ಬಾಡಿಗೆದಾರರ ನ್ಯಾಯಮಂಡಳಿಗೆ ಹೋಗ್ತೀನಿ. ಇದನ್ನ ಸಿಟ್ಟಿಲೆ ಹೇಳಾಕತ್ತಿಲ್ಲ, ಮೊದಲ ತಿಳಿಸಿ ಹೋಗೋಣಂತ ಹೇಳಾಕತ್ತೀನಿ."

ಫೋನ್ ಕಟ್ಟಾಯಿತು.

ಸುದ್ದಿ ನಮಗಿಂತ ಮೊದಲೇ ಎಲ್ಲ ಮನೆಗಳಿಗೂ ಮುಟ್ಟಿತ್ತು. ಮುಂದಿನ ಭಾನುವಾರ ಕನ್ನಡದವರು ಒಂದು ಹಾಲ್ ಹಿಡಿದು, ಮನೆಗೊಂದು ಅಡುಗೆ ತಂದು ಸೇರುವುದಿತ್ತು. ಹೋಗುವುದು ಬೇಡವೆಂದರು ಗಂಡ. ಹೋಗಲೇಬೇಕೆಂದರು ಅತ್ತೆ. ರೊಟ್ಟಿ, ಎಣಗಾಯಿ ಹೊತ್ತುಕೊಂಡು ಹೋದೆವು. ನಮ್ಮನ್ನು ಕಂಡು ಹೆಂಗಸರ ಮಾತು ಅರ್ಧಕ್ಕೆ ನಿಂತಿತು. ಆಂಟಿ ನನ್ನ ಪಕ್ಕ ಬಂದು ಮೆಲ್ಲನೆ, "ನ್ಯಾಯ ಗೀಯ ಅಂತೆಲ್ಲ ಯಾಕಮ್ಮ? ಮನೆ ಮಕ್ಕಳ ಥರ ನೋಡ್ಕೊಂಡ್ವಿ. ನಮ್ಮ ನಮ್ಮಲ್ಲೇ ಹೀಗಾದ್ರೆ ಇಲ್ಲಿಯವರು ನಗಲ್ವಾ?" ಅಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎದ್ದು ನಿಂತರು. ಗದಗದ ಶಾಲೆಯ ಅಂಗಳದ ಆ ತುದಿಯಲ್ಲಿದ್ದ ಹುಡುಗರನ್ನು ಈ ತುದಿಯಿಂದ ನಿಲ್ಲಿಸುತ್ತಿದ್ದ ದನಿಯಲ್ಲಿ ಹೇಳಿದರು.

"ನನ್ನ ಸೊಸಿದು ಏನೂ ತಪ್ಪಿಲ್ರೀ. ತಲಿ ತಿರಗಿದ್ದು ನನಗ. ಥಂಡ್ಯಾಗ ವರಾಂಡದಾಗ ಕುಂತಾಕಿ ನಾನು." ಗಂಡಸರ ಗುಂಪಿನಲ್ಲಿ ತಟ್ಟೆ ಹಿಡಿದು ನಿಂತಿದ್ದ ಅಂಕಲ್ ಕಡೆ ತಿರುಗಿದರು. "ಅಣ್ಣಾರ, ನಿಮ್ಮ ಮ್ಯಾಲೆ ನಮಗ ಗೌರವ ಐತಿ. ಸುಳ್ಳು ಹೇಳಾಕತ್ತಾರ ಅನಸಿದ್ರ ಬರ್ರಿ. ಆ ಗ್ಯಾಸಿನಾಂವನ್ನ ಮತ್ತ ಕರಸತೀವಿ. ನಿಮ್ಮ ಮುಂದನ ತೋರಸಲಿ. ಹೊಗಿ ಸೀದಾ ಮ್ಯಾಲ ಹೋತು ಅಂದ್ರ ನಾನು ಎಲ್ಲಾರ ಮುಂದ ಬಂದು ತಪ್ಪಾತು ಅಂತೀನಿ. ಬರ್ತೀರೋ ಇಲ್ಲೋ?"

ಅಷ್ಟು ಜನರ ಎದುರು ಬರುವುದಿಲ್ಲವೆಂದು ಅವರು ಹೇಳುವುದಾದರೂ ಹೇಗೆ? "ಬರ್ತೀನಿ. ನನಗೇನು ಭಯ?" ಅಂದರು.

ಅಂಕಲ್ ಬಂದ ದಿನ ಬಾಯ್ಲರ್ ಹೊತ್ತಿಸಲು ಗ್ಯಾಸ್‌ಫಿಟ್ಟರ್ ಒಪ್ಪಲಿಲ್ಲ. ಅದರ ಬದಲು ಚಿಮಣಿಯ ಬುಡದಲ್ಲಿ ಹೊಗೆಗುಳಿಗೆಯೊಂದನ್ನು ಹಚ್ಚಿಟ್ಟು, ಗೂಡಿನ ಬಾಯಿಯನ್ನು ಹಲಗೆಯಿಂದ ಮುಚ್ಚಿದ. ದಟ್ಟವಾದ ಬಿಳಿ ಹೊಗೆ. ಅದು ಮನೆಯ ಮೇಲಿನ ಚಿಮಣಿಯ ಬಾಯಿಂದಷ್ಟೇ ಬರಬೇಕು. ಅಂಗಳಕ್ಕೆ ಹೋಗಿ ತಲೆಯೆತ್ತಿ ನಿಂತೆವು. ಮೇಲೆ ಬಂದದ್ದು ಒಂದು ಎಳೆಯಷ್ಟು.

"ಬರ್ತಾ ಇದೆಯಲ್ಲ!" ಅಂದರು ಅಂಕಲ್.

"ಉಳಿದದ್ದು ಎಲ್ಲಿಗೆ ಹೋಯಿತು, ನೋಡೋಣ ಬನ್ನಿ," ಎಂದು ಗ್ಯಾಸ್‌ಫಿಟ್ಟರ್ ಒಳಗೆ ನಡೆದ. ಹಾಲ್‌ನಲ್ಲಿ ಇರಲಿಲ್ಲ. ಗೋಡೆಯ ಆಚೆ ಬದಿಗಿದ್ದ ಮಗಳ ಕೋಣೆಯ ಬಾಗಿಲು ತೆರೆದ. ಅವಳ ಮಂಚದ ತಲೆಯ ಹಿಂದೆ, ವಾಲ್‌ಪೇಪರಿನ ಸೀಳಿನಿಂದ, ಹೊಗೆ ನಿಧಾನವಾಗಿ ಹೊರಬಂದು ದಿಂಬಿನ ಮೇಲೆ ಇಳಿಯುತ್ತಿತ್ತು. ಆ ಗೋಡೆಯ ಹಿಂದೆ ಚಿಮಣಿ ಹಾದುಹೋಗಿದೆ ಎಂದು ನನಗೂ ಆವರೆಗೆ ಹೊಳೆದಿರಲಿಲ್ಲ. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಅವಳನ್ನು ಎಳೆದು ತಬ್ಬಿಕೊಂಡೆ.

ಅಂಕಲ್ ಗೋಡೆಯ ಹತ್ತಿರ ಹೋಗಿ ಸೀಳಿನ ಮೇಲೆ ಕೈಯಿಟ್ಟರು. ಹೊಗೆ ಬೆರಳ ಸಂದಿಯಿಂದ ಬಂತು.

"ಇದು ನನ್ನ ಚಿಕ್ಕವನ ರೂಮು," ಅಂದರು. ಯಾರಿಗೆ ಹೇಳಿದರೋ. ಆಮೇಲೆ ಗ್ಯಾಸ್‌ಫಿಟ್ಟರನ್ನು ಇಂಗ್ಲಿಷಿನಲ್ಲಿ ಕೇಳಿದರು: "ಯಾವತ್ತು ಶುರು ಮಾಡ್ತೀರಿ?"

ಕೆಲಸ ನಡೆದ ದಿನ ನಾನು ರಜೆ ಹಾಕಿ ಮನೆಯಲ್ಲೇ ಇದ್ದೆ. ಮೊದಲು ಚಿಮಣಿ ಗುಡಿಸಿದರು. ಉದ್ದನೆಯ ಬ್ರಷ್ ಮೇಲಿನಿಂದ ಇಳಿದಂತೆ, ಪುಡಿಗಾರೆ, ಇಟ್ಟಿಗೆಯ ಚೂರು, ಹಕ್ಕಿಯ ಒಣಗೂಡು, ಹಳೆಯ ಮಸಿ ಎಲ್ಲ ಧೊಪ್ಪನೆ ಬಿದ್ದವು. ಅಂಗಳದಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿತ್ತು ಹೊಸ ಲೈನರ್. ಹೊಳೆಯುವ ಸ್ಟೇನ್‌ಲೆಸ್ ಉಕ್ಕಿನ, ಬಾಗುವ ಕೊಳವೆ. ಅದರ ಮೂತಿಗೆ ಹಗ್ಗ ಕಟ್ಟಿ, ಹಗ್ಗದ ತುದಿಯನ್ನು ಚಿಮಣಿಯೊಳಗೆ ಬಿಟ್ಟರು. ಗ್ಯಾಸ್‌ಫಿಟ್ಟರನ ಜೊತೆಗಾರ ಮಾಡಿನ ಮೇಲೆ ನಿಂತು ಕೊಳವೆಯನ್ನು ಬಿಡುತ್ತಾ ಹೋದ. ಕೆಳಗೆ ಗೂಡಿನಲ್ಲಿ ಮಂಡಿಯೂರಿದ್ದ ಗ್ಯಾಸ್‌ಫಿಟ್ಟರ್ ಎಳೆಯುತ್ತಾ ಬಂದ. ಒಂದು ಕಡೆ, ಚಿಮಣಿ ಬಾಗುವಲ್ಲಿ, ಕೊಳವೆ ಸಿಕ್ಕಿಕೊಂಡಿತು.

"ಒಬ್ಬರು ಹಗ್ಗ ಬಿಗಿಯಾಗಿ ಹಿಡೀತೀರಾ?" ಎಂದು ಕೇಳಿದ.

ನಾನು ಹಿಡಿದೆ. ನನ್ನ ಹಿಂದೆ ಗಂಡ ಹಿಡಿದರು. "ಜಗ್ಗು, ಜಗ್ಗು," ಎಂದು ಅತ್ತೆ ಕುರ್ಚಿಯಿಂದಲೇ ಕೂಗಿದರು. ಒಳಗೆ ಕರಕರ ಸದ್ದಾಗಿ, ಕೊಳವೆ ತಪ್ಪನೆ ಬಿಡಿಸಿಕೊಂಡು ಇಳಿಯಿತು. ನಾವಿಬ್ಬರೂ ಮಸಿಯಲ್ಲಿ ಕುಕ್ಕರಿಸಿಬಿದ್ದೆವು. ಬಹಳ ದಿನಗಳ ಮೇಲೆ ಆ ಹಾಲ್‌ನಲ್ಲಿ ನಗು ಕೇಳಿತು.

ಕೊಳವೆಯ ಬುಡವನ್ನು ಬಾಯ್ಲರಿಗೆ ಜೋಡಿಸಿ ಬಿಗಿದರು. ಸುತ್ತಲಿನ ಬಾಯಿಯನ್ನು ಲೋಹದ ತಗಡಿನಿಂದ ಮುಚ್ಚಿದರು. ಮೇಲೆ, ಮಳೆ ಮತ್ತು ಹಕ್ಕಿಗಳು ಒಳಗೆ ಬಾರದಂತೆ ಟೋಪಿ ಕೂರಿಸಿದರು. ಹೊರಗೋಡೆಗೆ ರಂಧ್ರ ಕೊರೆದು, ಮುಚ್ಚಲು ಬಾರದ ಜಾಲರಿಯ ಕಿಂಡಿ ಹಾಕಿದರು. ಬಾಯ್ಲರಿನ ಹೊಟ್ಟೆಯನ್ನೂ ಬಿಚ್ಚಿ ತೊಳೆದರು. ಕೊನೆಗೆ ಕಿಟಕಿ ಬಾಗಿಲು ಮುಚ್ಚಿ, ಫ್ಯಾನ್ ಹಾಕಿ, ಉರಿ ಹೊತ್ತಿಸಿ ಹೊಗೆಕಡ್ಡಿ ಹಿಡಿದಾಗ, ಹೊಗೆ ಯಾರೋ ಕರೆದಂತೆ ಸರಕ್ಕನೆ ಮೇಲಕ್ಕೆ ಹೋಯಿತು. ಇನ್ನೊಂದು ಸಲ ಹಿಡಿಯಲು ಹೇಳಿದೆ. ಹಿಡಿದ. ಮತ್ತೂ ಒಂದು ಸಲ ಹೇಳಿದೆ. ಅದಕ್ಕೂ ಬೇಸರಿಸದೆ ಹಿಡಿದ.

ಅತ್ತೆ ಹಾಲ್‌ಗೆ ಮರಳಿದರು. ಆದರೆ ಅಂಕಲ್ ಮನೆಗೂ ನಮಗೂ ಮೊದಲಿನಂತೆ ಆಗಲಿಲ್ಲ. ಚಕ್ಕುಲಿ ಮತ್ತೆ ಬರಲಿಲ್ಲ. ಸಿಕ್ಕಾಗ ಅವರು ಗಂಡನ ಹತ್ತಿರ ಕ್ರಿಕೆಟ್ ಮಾತಾಡುತ್ತಿದ್ದರು, ನನ್ನತ್ತ ತಲೆಯಷ್ಟೇ ಆಡಿಸುತ್ತಿದ್ದರು. ಗಂಡ ಹೆದರಿದ್ದಂತೆ ಕೆಲಸಕ್ಕೇನೂ ಕುತ್ತು ಬರಲಿಲ್ಲ. ಅಂಕಲ್ ಅಂಥವರಲ್ಲ, ಅದನ್ನು ನಾನೇ ಹೇಳುತ್ತೇನೆ. "ಅಷ್ಟು ಉಪಕಾರ ಮಾಡಿದವರ ಎದುರು ಹೇಗೆ ನಿಂತೆ?" ಎಂದು ಈಗಲೂ ಕೆಲವರು ಕೇಳುತ್ತಾರೆ. ನಿಂತುಕೊಂಡೇ ನಿಂತೆ ಎನ್ನುತ್ತೇನೆ. ಉಪಕಾರಕ್ಕೆ ಕೃತಜ್ಞತೆ ಕೊಡಬಹುದು, ಮಗಳ ಉಸಿರನ್ನು ಕೊಡಲಾಗದು.

ಮರುವರ್ಷ ಚಳಿಗೆ ಮೊದಲು, ಅಂಕಲ್ ಅವರ ಇನ್ನೊಂದು ಹಳೆಯ ಮನೆಗೆ ಹಾಸನದ ಕಡೆಯ ಹೊಸ ದಂಪತಿ ಬಂದರು. ಹೆಂಡತಿ ಬಸುರಿ. ನಾನು ಸಾರಿನ ಪಾತ್ರೆ ಹಿಡಿದು ನೋಡಲು ಹೋದೆ. ಮಾತಿನ ನಡುವೆ ಎದ್ದು ಅವರ ಬಾಯ್ಲರ್ ಎಲ್ಲಿದೆ, ಅದರ ಹೊಗೆ ಎಲ್ಲಿಂದ ಹೋಗುತ್ತದೆ ಎಂದು ಕೇಳಿದೆ. ಅದೂ ಬರೀ ಇಟ್ಟಿಗೆಯ ಚಿಮಣಿ. ಅದನ್ನು ಹೊತ್ತಿಸಬೇಡಿ, ಅಂಕಲ್‌ಗೆ ಹೇಳಿ ಎಂದು ಹೇಳಿ ಬಂದೆ.

ಮಾರನೆಯ ದಿನವೇ ಫೋನ್ ಬಂತು. ಅಷ್ಟು ತಿಂಗಳಲ್ಲಿ ಅಂಕಲ್ ನನ್ನ ಜೊತೆ ನೇರವಾಗಿ ಮಾತಾಡಿದ್ದು ಅದೇ ಮೊದಲು.

"ಏನಮ್ಮ, ನನ್ನ ಮನೆಗಳಿಗೆಲ್ಲ ನೀನು ಇನ್‌ಸ್ಪೆಕ್ಟರ್ ಆಗಿದೀಯಾ?"

"ಹೂಂ ಅಂಕಲ್," ಅಂದೆ. "ಆಗೀನಿ."

ಆ ಕಡೆಯಿಂದ ಟಿವಿಯ ಸದ್ದು ಕೇಳುತ್ತಿತ್ತು. ಬೈಯುತ್ತಾರೆಂದು ಕಾದೆ. ಬೈದರೆ ಏನು ಹೇಳಬೇಕೆಂದೂ ಯೋಚಿಸಿಕೊಂಡೆ.

"ಆ ಚಡ್ಡಿ ಹಾಕ್ಕೊಂಡು ಬರ್ತಾನಲ್ಲ, ಅವನ ನಂಬರ್ ಹೇಳು," ಅಂದರು.

ಹೇಳಿದೆ. ಅವರು ಬರೆದುಕೊಂಡು ಫೋನ್ ಇಟ್ಟರು.